ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಹೋಗುವ ಮುನ್ನ

2025ರ ಮೇ ಕೊನೆಯಿಂದ ಜುಲೈ ಮೊದಲ ವಾರಗಳವರೆಗೆ ಹಾಸನ ಜಿಲ್ಲೆಯ ಹೆಸರು ದಿನವೂ ಪತ್ರಿಕೆಗಳಲ್ಲಿ ಬರುತ್ತಿದ್ದುದು ನಿಮಗೆ ನೆನಪಿರಬಹುದು. ಸುಮಾರು 40 ದಿನಗಳ ಅವಧಿಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬುದೇ ಆ ಸುದ್ದಿ. ಅವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದುದರಿಂದ ಜನ ಹೆದರಿದ್ದು ಸಹಜ. ಅರಳಿಕಟ್ಟೆಯಿಂದ ಹಿಡಿದು ಮದುವೆ ಮನೆಯ ಪಂಕ್ತಿಯವರೆಗೆ ಎಲ್ಲಿ ಕೇಳಿದರೂ ಅದೇ ಮಾತು. ಎಡಗೈ ಸ್ವಲ್ಪ ಹಿಡಿದುಕೊಂಡರೂ, ರಾತ್ರಿ ಊಟ ಹೆಚ್ಚಾಗಿ ಎದೆ ಉರಿದರೂ 'ನನಗೂ ಬಂತೇನೋ' ಎಂಬ ಭಯ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವುದರೊಳಗೆ ಸಾಲು ನಿಲ್ಲತೊಡಗಿತು. ಭಯಪಡಬೇಡಿ, ಎಲ್ಲರೂ ಒಮ್ಮೆಲೇ ಬರಬೇಡಿ ಎಂದು ಅಲ್ಲಿನ ವೈದ್ಯರು ಕೇಳಿಕೊಳ್ಳಬೇಕಾಯಿತು.

ಸರ್ಕಾರ ಈ ಸಾವುಗಳ ಪರಿಶೀಲನೆಯನ್ನು ಆಗ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಗೆ ವಹಿಸಿತು. ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಪಡದವು. ಉಳಿದ 20 ಹೃದಯ ಸಂಬಂಧಿ. ಹಿಂದಿನ ತಿಂಗಳುಗಳಿಗೆ ಹೋಲಿಸಿದರೆ ಅಸಹಜ ಏರಿಕೆ ಕಂಡುಬಂದಿಲ್ಲ. ಧೂಮಪಾನ, ಮದ್ಯ, ಮಧುಮೇಹ, ರಕ್ತದೊತ್ತಡ ಇವೇ ಹಳೆಯ ಶತ್ರುಗಳು ಅಲ್ಲಿಯೂ ಇದ್ದವು. ಸತ್ತವರಲ್ಲಿ ಆಟೊ, ಟ್ಯಾಕ್ಸಿ ಚಾಲಕರ ಸಂಖ್ಯೆ ಗಮನಿಸುವಷ್ಟಿತ್ತು. ಕೋವಿಡ್ ಲಸಿಕೆಯೇ ಕಾರಣವೆಂಬ ಮಾತೂ ಆಗ ಎದ್ದಿತ್ತು. ಹಠಾತ್ ಸಾವಿಗೂ ಲಸಿಕೆಗೂ ಸಂಬಂಧ ಕಂಡುಬಂದಿಲ್ಲವೆಂದು ಐಸಿಎಂಆರ್ ಅಧ್ಯಯನ ಹೇಳಿದೆ. ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ.

ವರದಿ ಓದಿ ಅನೇಕರು ನಿಟ್ಟುಸಿರು ಬಿಟ್ಟರು. ನನಗೆ ಹಾಗನ್ನಿಸಲಿಲ್ಲ. ಹಾಸನದಲ್ಲಿ ಸಾವು ಹೆಚ್ಚಾಗಿಲ್ಲ ಎಂದರೆ ಏನರ್ಥ? ಇಷ್ಟು ಸಾವು ಪ್ರತಿ ವರ್ಷವೂ ಆಗುತ್ತಿದೆ, ಬೇರೆ ಜಿಲ್ಲೆಗಳಲ್ಲಿಯೂ ಆಗುತ್ತಿದೆ, ಲೆಕ್ಕ ಇಟ್ಟವರಿಲ್ಲ ಎಂದೇ ಅಲ್ಲವೇ? ಅದಾದ ಬಳಿಕವೇ, 45 ವರ್ಷದೊಳಗಿನವರು ಆಸ್ಪತ್ರೆಯ ಹೊರಗೆ ಹಠಾತ್ತನೆ ತೀರಿಕೊಂಡರೆ ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ಸರ್ಕಾರ ತೀರ್ಮಾನಿಸಿತು. ಅಲ್ಲಿಯವರೆಗೆ 'ಎದೆನೋವು ಅಂದ, ಕುಸಿದುಬಿದ್ದ, ಹೋದ' ಎಂಬುದೇ ನಮ್ಮ ದಾಖಲೆಯಾಗಿತ್ತು.

ಸರ್ಕಾರಿ ಸೇವೆಯಲ್ಲಿ ಬಹುಕಾಲ ಇದ್ದು ನಿವೃತ್ತನಾದ ವೈದ್ಯ ನಾನು. ಆ ಸಾಲುಗಳನ್ನು ನೋಡಿದಾಗ ನನಗೆ ಅನ್ನಿಸಿದ್ದನ್ನು ನೇರವಾಗಿಯೇ ಹೇಳುತ್ತೇನೆ. ನೋವಿಲ್ಲದ ದಿನ ನೂರು ಕಿಲೋಮೀಟರ್ ಹೋಗಿ ಇಸಿಜಿ ಮಾಡಿಸಿಕೊಳ್ಳುವ ನಾವು, ನೋವು ಬಂದ ರಾತ್ರಿ ಹತ್ತು ಕಿಲೋಮೀಟರ್ ದೂರದ ಇಸಿಜಿ ಯಂತ್ರವನ್ನು ದಾಟಿ ಹೋಗುತ್ತೇವೆ! ಇಂದು ಇಸಿಜಿ ಸರಿಯಾಗಿ ಬಂದರೆ ನಾಳೆ ಹೃದಯಾಘಾತ ಆಗದೆಂದು ಯಾವ ವೈದ್ಯನೂ ಬರೆದುಕೊಡಲಾರ. ನೋವಿನ ಹೊತ್ತಿನಲ್ಲಿ ತೆಗೆದ ಇಸಿಜಿಗಾದರೋ ಜೀವದ ಬೆಲೆ.

ನಮ್ಮ ಕಡೆ ಒಂದು ರಾತ್ರಿ ಹೇಗೆ ಕಳೆಯುತ್ತದೆಂಬುದನ್ನು ನೀವೂ ಬಲ್ಲಿರಿ. ಕೊಣನೂರಿನ ಆಚೆಯ ಒಂದು ಹಳ್ಳಿ ಎಂದುಕೊಳ್ಳಿ. ಹನ್ನೊಂದು ಗಂಟೆಗೆ ಯಜಮಾನರಿಗೆ ಎದೆ ಹಿಂಡಿದಂತಾಗಿ ಬೆವರು ಕಿತ್ತುಕೊಳ್ಳುತ್ತದೆ. 'ಗ್ಯಾಸು' ಎಂದು ಮೊದಲು ಸೋಡಾ, ಆಮೇಲೆ ಓಮದ ನೀರು. ಅರ್ಧ ಗಂಟೆಯಾದರೂ ಇಳಿಯದಿದ್ದಾಗ ಫೋನುಗಳು ಶುರು. ಹಾಸನದಲ್ಲಿರುವ ಭಾವಮೈದುನನಿಗೊಂದು, ಶಾಸಕರ ಕಡೆಯವರಿಗೊಂದು, ಯಾವುದೋ ಆಸ್ಪತ್ರೆಯಲ್ಲಿ ಗುಮಾಸ್ತನಾಗಿರುವ ದೂರದ ನೆಂಟನಿಗೊಂದು. 'ಯಾರಾದರೂ ಪರಿಚಯದವರು ಇದ್ದರೆ ಒಳ್ಳೆಯದು' ಎಂಬ ಹುಡುಕಾಟದಲ್ಲಿ ಇನ್ನರ್ಧ ಗಂಟೆ ಹೋಗುತ್ತದೆ. ಕಾರು ಬಂದ ಮೇಲೆ ಅರಕಲಗೂಡಿನ ಸರ್ಕಾರಿ ಆಸ್ಪತ್ರೆಯ ದೀಪ ಕಾಣುತ್ತಿದ್ದರೂ ನಿಲ್ಲಿಸುವುದಿಲ್ಲ. 'ಇಲ್ಲೇನು ನೋಡ್ತಾರೆ, ಹಾಸನಕ್ಕೇ ಬರೆದುಕೊಡ್ತಾರೆ' ಎಂದು ಹಿಂದಿನ ಸೀಟಿನಲ್ಲಿ ಯಾರೋ ಅನ್ನುತ್ತಾರೆ. ಹಾಸನ ಮುಟ್ಟುವ ಹೊತ್ತಿಗೆ ಒಂದೂವರೆ ಗಂಟೆ. ಅಲ್ಲಿ ಯಾವ ಆಸ್ಪತ್ರೆ ಎಂಬ ಚರ್ಚೆ. ಅಲ್ಲಿಂದ ಮೈಸೂರೋ ಬೆಂಗಳೂರೋ. ಹೊಳೆನರಸೀಪುರದವರು ಮೈಸೂರಿನ ದಾರಿ ಹಿಡಿಯುತ್ತಾರೆ, ಚನ್ನರಾಯಪಟ್ಟಣದವರು ಹೆದ್ದಾರಿಯಲ್ಲೇ ಬೆಂಗಳೂರಿನ ಕಡೆ ತಿರುಗುತ್ತಾರೆ. ದಾರಿ ಬೇರೆ, ಕಳೆದುಕೊಳ್ಳುವುದು ಒಂದೇ.

ಆ ಹೊತ್ತಿನಲ್ಲಿ ಎದೆಯೊಳಗೆ ಏನಾಗುತ್ತಿರುತ್ತದೆ? ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿರುತ್ತದೆ. ನೀರಿಲ್ಲದ ಗದ್ದೆಯ ಪೈರಿನಂತೆ ಆ ಭಾಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಆಂಜಿಯೋಪ್ಲಾಸ್ಟಿ ಮಾಡಿ ನಾಳವನ್ನು ತೆರೆಯುವುದು ಎಲ್ಲಕ್ಕಿಂತ ಉತ್ತಮ, ನಿಜ. ಆದರೆ ಅದು ಸುಮಾರು ಎರಡು ಗಂಟೆಯೊಳಗೆ ಆಗುವಂತಿದ್ದರೆ ಮಾತ್ರ ಅದಕ್ಕೆ ಕಾಯಬಹುದು. ಆಗದಿದ್ದರೆ ಮೊದಲು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ಒಂದು ದಿನದೊಳಗೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಈ ಇಂಜೆಕ್ಷನ್ ಹನ್ನೆರಡು ಗಂಟೆಯವರೆಗೂ ಕೊಡಬಹುದಾದರೂ ಮೊದಲ ಎರಡು ಮೂರು ಗಂಟೆಗಳಲ್ಲಿ ಕೊಟ್ಟಷ್ಟು ಪ್ರಯೋಜನ ಆಮೇಲಿಲ್ಲ. ನಾನು ಸೇವೆಯಲ್ಲಿದ್ದಾಗ ಸ್ಟ್ರೆಪ್ಟೊಕೈನೇಸ್ ಎಂಬ ಔಷಧಿಯಿತ್ತು. ಡ್ರಿಪ್‌ನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಹರಿಸಬೇಕು, ರೋಗಿಯ ರಕ್ತದೊತ್ತಡ ಕುಸಿಯುತ್ತದೆಯೋ ಎಂದು ಪಕ್ಕದಲ್ಲೇ ನಿಂತು ನೋಡಬೇಕು. ಈಗಿನ ಟೆನೆಕ್ಟೆಪ್ಲೇಸ್ ಹಾಗಲ್ಲ. ರೋಗಿಯ ತೂಕ ನೋಡಿ, ಕೆಲವೇ ಸೆಕೆಂಡುಗಳಲ್ಲಿ ಒಂದೇ ಬಾರಿ ಕೊಟ್ಟರೆ ಮುಗಿಯಿತು. ಹೃದ್ರೋಗ ತಜ್ಞರೇ ಬೇಕೆಂದಿಲ್ಲ. ಎಲ್ಲ ಬಗೆಯ ಹೃದಯಾಘಾತಕ್ಕೂ ಇದು ಅಲ್ಲ. ಮೆದುಳಿನಲ್ಲಿ ರಕ್ತಸ್ರಾವ ಆದವರಿಗೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ಕೊಡುವಂತಿಲ್ಲ. ಕೊಟ್ಟವರಲ್ಲಿಯೂ ನೂರಕ್ಕೆ ಸುಮಾರು ಒಬ್ಬರಿಗೆ ಮೆದುಳಿನ ರಕ್ತಸ್ರಾವದ ಅಪಾಯವಿದೆ. ಅದಕ್ಕಾಗಿಯೇ ಇಸಿಜಿ ಮೊದಲು, ಇಂಜೆಕ್ಷನ್ ನಂತರ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ 'ಹೃದಯ ಜ್ಯೋತಿ' ಯೋಜನೆ ಮಾಡುವುದು ಇದನ್ನೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ಜಯದೇವದಂಥ ಕೇಂದ್ರದ ತಜ್ಞರ ಕಣ್ಣಿಗೆ ಬೀಳುತ್ತದೆ. ಅವರು ಹೌದೆಂದರೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಇಂಜೆಕ್ಷನ್ ಅಲ್ಲೇ ಉಚಿತ. ಹಾಸನದ ಗದ್ದಲದ ನಂತರ, 2025ರ ಜುಲೈನಲ್ಲಿ, ಇದನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. ಅಂದರೆ ಹಿಂದಿನ ಸೀಟಿನಲ್ಲಿ ಕುಳಿತವರು ಹೇಳುವ 'ಇಲ್ಲೇನು ನೋಡ್ತಾರೆ' ಎಂಬ ಮಾತಿಗೆ ಈಗ ಉತ್ತರವಿದೆ.

ಉತ್ತರವಿದ್ದರೂ ಜನ ಯಾಕೆ ನಂಬುವುದಿಲ್ಲ? ಅವರನ್ನು ಬೈದು ಪ್ರಯೋಜನವಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನವರಿಗೆ ರಾತ್ರಿ ಎದೆನೋವು ಬಂದಾಗ ಹತ್ತಿರದ ಸರ್ಕಾರಿ ಆಸ್ಪತ್ರೆಗೇ ಕರೆದೊಯ್ದೆವು. ಊರಿನ ಹೆಸರು ಬೇಡ. ಇಸಿಜಿ ಯಂತ್ರವಿತ್ತು. ಅದಿದ್ದ ಕೋಣೆಗೆ ಬೀಗ. ಬೀಗದ ಕೈ ಟೆಕ್ನಿಷಿಯನ್ ಮನೆಗೆ ಹೋಗಿತ್ತು. 'ಬೆಳಿಗ್ಗೆ ತೆಗೀತಾರೆ, ಇಲ್ಲಾಂದ್ರೆ ಹೊರಗೆ ಮಾಡಿಸ್ಕೊಂಡು ಬನ್ನಿ' ಎಂದು ಹೇಳಿದರು. ನಾನು ವೈದ್ಯನೆಂದು ಹೇಳಿಕೊಂಡೆ. ಆಗ ಇನ್ನೊಂದು ಬೀಗದ ಕೈ ಮೇಜಿನ ಡ್ರಾಯರಿನಲ್ಲೇ ಸಿಕ್ಕಿತು! ಅಣ್ಣನವರಿಗೆ ಆದದ್ದು ಹೃದಯಾಘಾತವಲ್ಲ, ಮನೆಗೆ ಬಂದರು. ಆದರೆ ಆ ರಾತ್ರಿ ಅದೇ ಬೆಂಚಿನ ಮೇಲೆ, ಯಾವ ಪರಿಚಯವೂ ಇಲ್ಲದ ಒಬ್ಬ ಹೆಂಗಸು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಆಕೆಗೂ ಬೆಳಿಗ್ಗೆ ಬನ್ನಿ ಎಂದೇ ಹೇಳಿದ್ದರು. ಕೋಣೆ ತೆರೆದದ್ದರಿಂದ ಆತನಿಗೂ ಇಸಿಜಿ ಆಯಿತು. ಶಿಫಾರಸಿಗಾಗಿ ಫೋನು ಮಾಡುತ್ತಾ ಕಾಲ ಕಳೆಯುವ ನಮ್ಮ ಜನರ ಅಭ್ಯಾಸ ಎಲ್ಲಿಂದ ಬಂತೆಂಬುದು ಆ ಡ್ರಾಯರಿನಲ್ಲಿದೆ.

ಇದಕ್ಕೆ ವಿರುದ್ಧವಾದುದನ್ನೂ ಕಂಡಿದ್ದೇನೆ. ಬೇರೊಂದು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್ ಒಬ್ಬರು ತಾವೇ ಇಸಿಜಿ ತೆಗೆಯುವುದನ್ನು ಕಲಿತಿದ್ದರು. ಎದೆನೋವೆಂದು ಬಂದವರಿಗೆ ಚೀಟಿ ಮಾಡಿಸುವ ಮೊದಲೇ ತಂತಿ ಹಚ್ಚುತ್ತಿದ್ದರು. 'ಚೀಟಿ ಆಮೇಲೆ ಬರುತ್ತೆ ಸರ್' ಎನ್ನುತ್ತಿದ್ದರು. ಮೊದಲು ಚಿಕಿತ್ಸೆ, ಹಣ ನಂತರ ಎಂಬ ಪದ್ಧತಿಯಿಂದ ಜಯದೇವವನ್ನು ಬಡವರ ಆಸ್ಪತ್ರೆಯಾಗಿ ಬೆಳೆಸಿದ ಡಾ. ಸಿ.ಎನ್. ಮಂಜುನಾಥ್ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನವರೇ. ಆ ನರ್ಸ್ ಅವರನ್ನು ಕಂಡಿದ್ದರೋ ಇಲ್ಲವೋ, ಪಾಠ ಮಾತ್ರ ಒಂದೇ.

ವೈದ್ಯರ ಕಷ್ಟವನ್ನೂ ಎರಡು ಮಾತಿನಲ್ಲಿ ಹೇಳಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಒಬ್ಬರೇ ಡಾಕ್ಟರು ಇರುವುದು ಅಪರೂಪವಲ್ಲ. ಹೆದ್ದಾರಿಯ ಅಪಘಾತ, ಹಾವು ಕಡಿದವರು, ವಿಷ ಕುಡಿದವರು, ಹಬ್ಬದ ರಾತ್ರಿಯ ಹೊಡೆದಾಟ ಎಲ್ಲವೂ ಅವರ ಮೇಜಿಗೇ. ರೋಗಿ ಸತ್ತರೆ ಕೈ ಮಾಡಲು ಬರುವವರೂ ಇದ್ದಾರೆ. ಅಂಥ ಕಡೆ 'ಹಾಸನಕ್ಕೆ ಕರೆದುಕೊಂಡು ಹೋಗಿ' ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ಇಂಜೆಕ್ಷನ್ ಕೊಟ್ಟು ಕಳುಹಿಸುವುದಕ್ಕೆ ಧೈರ್ಯ ಬೇಕು.

2006ರಲ್ಲಿ ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದು ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಅದರ ಬೋಧನಾ ಆಸ್ಪತ್ರೆಯಾದದ್ದು ಸಣ್ಣ ಸಂಗತಿಯಲ್ಲ. ಅದಕ್ಕೆ ಮೊದಲು ದೊಡ್ಡ ಕಾಯಿಲೆ ಎಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದೆವು. 2008ರ ನವೆಂಬರ್‌ನಿಂದ 108 ಆಂಬುಲೆನ್ಸ್ ಬಂತು. 2018ರಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬಂದು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯಿತು. (ತುರ್ತು ಹೃದಯ ಚಿಕಿತ್ಸೆಗೆ ರೆಫರಲ್ ಚೀಟಿಗಾಗಿ ಅಲೆಯಬೇಕಿಲ್ಲ ಎಂಬುದು ಈಗಲೂ ಅನೇಕರಿಗೆ ಗೊತ್ತಿಲ್ಲ.) ಹೀಗೆ ಸ್ಟೆಂಟಿಗೆ ಹಣ ಕೊಡುವ ಯೋಜನೆಗಳು ಒಂದರ ಹಿಂದೊಂದು ಬಂದವು, ಅದರಿಂದ ಖಾಸಗಿ ಆಸ್ಪತ್ರೆಗಳೂ ಬೆಳೆದವು. ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯುವ ಒಬ್ಬ ಮನುಷ್ಯನಿಗೆ ಸಂಬಳ ಕೊಡಲು ಮಾತ್ರ ನಮ್ಮ ಬಜೆಟ್ಟುಗಳಿಗೆ ಅಷ್ಟು ಉತ್ಸಾಹವಿಲ್ಲ. ಅದರಲ್ಲಿ ಉದ್ಘಾಟನೆಯಿಲ್ಲವಲ್ಲ!

ತಂಬಾಕಿನ ಮಾತು ಬಿಡಲಾರೆ. ಅರಕಲಗೂಡು ತಾಲ್ಲೂಕಿನಲ್ಲಿ ತಂಬಾಕು ಬೆಳೆಯುತ್ತಾರೆ. ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇದೆ. ಬೆಳೆಗಾರನನ್ನು ದೂರಿ ಫಲವಿಲ್ಲ, ಅಷ್ಟು ದುಡ್ಡು ಕೊಡುವ ಬೆಳೆ ಅವನಿಗೆ ಬೇರೆ ತೋರಿಸಿಲ್ಲ. ಆದರೆ ಮೂವತ್ತೈದರ ಹುಡುಗನ ಹೃದಯನಾಳ ಮುಚ್ಚಿದೆ ಎಂದರೆ ನಾನು ಮೊದಲು ಕೇಳುವುದು ಬೀಡಿ ಸಿಗರೇಟಿನ ಲೆಕ್ಕವನ್ನೇ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. ಅದಕ್ಕೆ ಮೈಸೂರು ಬೇಡ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು.

ಇನ್ನು ನೋವು ಬಂದ ಹೊತ್ತಿನ ಮಾತು. ಎದೆಯ ನಡುವೆ ಹಿಂಡುವ, ಭಾರ ಹೇರಿದಂಥ ನೋವು ಹದಿನೈದು ಇಪ್ಪತ್ತು ನಿಮಿಷವಾದರೂ ಇಳಿಯದಿದ್ದರೆ, ಅದು ದವಡೆಗೋ ಕೈಗೋ ಹರಿದರೆ, ತಣ್ಣನೆ ಬೆವರು ಬಂದರೆ ಗ್ಯಾಸೆಂದು ಕೂರಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ಸುಸ್ತು, ವಾಂತಿ ಇರಬಹುದು. ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಮಾತ್ರೆಯನ್ನು ಜಗಿದು ನುಂಗಬಹುದು. ತಾವೇ ಬೈಕು ಓಡಿಸಿಕೊಂಡು ಹೋಗಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕಿದ ವಾಹನದಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಕೇಳಿ ಪಡೆಯಿರಿ. ಮೊದಲ ಇಸಿಜಿ ಸರಿಯಿದ್ದು ನೋವು ಮುಂದುವರಿದರೆ ಮತ್ತೊಮ್ಮೆ ತೆಗೆಯಲು ಹೇಳಿ. ಆಮೇಲೆ ಹಾಸನಕ್ಕೋ ಮೈಸೂರಿಗೋ ಹೊರಡುವುದಾದರೆ ಆ ಇಸಿಜಿ ಕಾಗದ, ಕೊಟ್ಟ ಔಷಧಿ ಮತ್ತು ಕೊಟ್ಟ ಗಂಟೆ ಬರೆದ ಚೀಟಿ ಕೈಯಲ್ಲಿರಲಿ.

ಈ ಕೆಲಸವನ್ನು ನೋವಿಲ್ಲದ ದಿನವೇ ಶುರು ಮಾಡಬಹುದು. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿಯೊಂದಿದೆ. ಮುಂದಿನ ವಾರ ಸಂತೆಗೆ ಹೋದಾಗ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಚನ್ನರಾಯಪಟ್ಟಣದಲ್ಲೋ ಆ ಸಮಿತಿಯವರನ್ನು ಕಂಡು ಮೂರು ವಿಷಯ ಕೇಳಿ: ಇಂದು ರಾತ್ರಿ ಇಸಿಜಿ ತೆಗೆಯುವವರು ಯಾರು, ಟೆನೆಕ್ಟೆಪ್ಲೇಸ್ ಎಷ್ಟು ಇದೆ, ಬೀಗದ ಕೈ ಎಲ್ಲಿದೆ?