ಪಿಯುಸಿಗೇ ಮುಗಿಯೋ ಆಟ

ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂದ್ರೆ ನಾಲ್ಕು ತಾಲ್ಲೂಕು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಅಲ್ಲಿಂದ ಬಂದ ನಮ್ಮಲ್ಲಿ ಸುಮಾರು ಜನ ಹೈಸ್ಕೂಲಲ್ಲಿ ಕಬಡ್ಡಿ, ಖೋ ಖೋ ಅಂತ ತಾಲ್ಲೂಕು ಮಟ್ಟಕ್ಕೆ ಹೋದವರೇ. ಪಿಯುಸಿ ಬಂತು, ಸಿಇಟಿ ಬಂತು, ಆಟ ನಿಂತೋಯ್ತು. ಈಗ ಕರೆದರೆ "ಇನ್ನೇನ್ ಆಡೋದು ಬಿಡ್ರೋ" ಅಂತೀವಿ, ಇಪ್ಪತ್ತು ವರ್ಷಕ್ಕೇ!

ಜಪಾನಿನ ಫುಟ್‌ಬಾಲ್ ಡಿಫೆಂಡರ್ ಯುಟೊ ನಾಗಟೊಮೊ ಅವರನ್ನು ನೋಡಿ. ಎತ್ತರ ಬರೀ 170 ಸೆಂ.ಮೀ. ಹೈಸ್ಕೂಲ್ ಮುಗಿಸಿ ಸೇರಿದ್ದು ಕ್ಲಬ್ಬಿಗಲ್ಲ, ಟೋಕಿಯೊದ ಮೇಜಿ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಬೆನ್ನುನೋವಿನಿಂದ ಆಡಲಾಗದೆ, ತಂಡದ ಪಂದ್ಯಗಳಲ್ಲಿ ಗ್ಯಾಲರಿಯಲ್ಲಿ ನಿಂತು ಡ್ರಮ್ ಬಾರಿಸಿದರು. ಮಿಡ್‌ಫೀಲ್ಡರ್ ಆಗಿದ್ದವರು ಡಿಫೆಂಡರ್ ಆಗಿದ್ದೂ ಕಾಲೇಜಿನಲ್ಲೇ. ಆಮೇಲೆ 2008ರಲ್ಲಿ ಎಫ್‌ಸಿ ಟೋಕಿಯೊ. 2011ರಲ್ಲಿ ಏಷ್ಯಾ ಕಪ್ ಗೆಲುವು, ಅದೇ ವರ್ಷ ಇಟಲಿಯ ಇಂಟರ್ ಮಿಲಾನ್. 2010ರಿಂದ 2022ರವರೆಗೆ ನಾಲ್ಕು ವಿಶ್ವಕಪ್.

ನಾವೆಲ್ಲ ನಾಗಟೊಮೊ ಆಗ್ತೀವಿ ಅಂತಲ್ಲ. ಪ್ಲೇಸ್‌ಮೆಂಟ್ ಚಿಂತೆ ನಮಗೂ ಇದೆ. ಆದರೆ ಅವರ ಆಟ ಗಟ್ಟಿಯಾದ ವಯಸ್ಸಲ್ಲೇ ನಮ್ಮ ಆಟ ನಿಲ್ಲುತ್ತೆ. ಕಾರಣ ಶಕ್ತಿ ಇಲ್ಲದ್ದಲ್ಲ, ಸಮಯ ಮತ್ತು ಜಾಗ ಇಲ್ಲದ್ದು. ಸಂಜೆ ಲ್ಯಾಬ್ ಮುಗಿಯೋ ಹೊತ್ತಿಗೆ ಮೈದಾನದ ಗೇಟಿಗೆ ಬೀಗ ಬಿದ್ದಿರುತ್ತೆ. ಟೂರ್ನಮೆಂಟಿಗೆ ಹೋಗಿ ಬಂದರೆ ಅಟೆಂಡೆನ್ಸ್ ಶಾರ್ಟೇಜ್.

ಹಾಗಾಗಿ ನಮ್ಮ ಬೇಡಿಕೆ ಎರಡೇ. ಸಂಜೆ ಏಳರವರೆಗೆ ಮೈದಾನ ತೆರೆದಿರಲಿ. ವಿಟಿಯು ಅಂತರ ಕಾಲೇಜು ಪಂದ್ಯಗಳಿಗೆ ಹೋದವರಿಗೆ ಆ ದಿನಗಳ ಹಾಜರಾತಿ ಸಿಗಲಿ. ಇಷ್ಟಾದರೆ ಮಿಕ್ಕಿದ್ದು ನಮ್ಮ ಹೊಣೆ: ನಾಳೆಯಿಂದ ಹಾಸ್ಟೆಲ್ ರೂಮಿನಿಂದ ಹೊರಗೆ ಬರೋದು.