ಒಂದೇ ಕಾಲದ ಮೂರು ದಂಗೆ

1825ರಲ್ಲಿ ಜಾವಾದ ಯೋಗ್ಯಕರ್ತದಲ್ಲಿ ರಾಜಕುಮಾರ ದಿಪೊನೆಗೊರೊ ಡಚ್ಚರ ಮೇಲೆ ತಿರುಗಿಬಿದ್ದಾಗ ಬೆನ್ನಿಗೆ ನಿಂತವರಲ್ಲಿ ರೈತರೇ ಹೆಚ್ಚು. ಗುತ್ತಿಗೆಗೆ ಹರಾಜಾದ ಸುಂಕದ ಕಟ್ಟೆಗಳು ಅವರನ್ನು ಹಿಂಡಿದ್ದವು. ಐದು ವರ್ಷಗಳಲ್ಲಿ ಸುಮಾರು ಎರಡು ಲಕ್ಷ ಜಾವಾ ಜನ ಸತ್ತರು. ಡಚ್ಚರು ಹಳ್ಳಿಗಾಡಿನ ತುಂಬ ಸಣ್ಣ ಕೋಟೆಗಳನ್ನು ಕಟ್ಟುತ್ತ ದಂಗೆಯನ್ನು ಹಣಿದರು. 1830ರ ಮಾರ್ಚ್ 28ರಂದು ಮಾತುಕತೆಗೆಂದು ಬಂದ ದಿಪೊನೆಗೊರೊನನ್ನೇ ಸೆರೆಹಿಡಿದರು. ಅದೇ ವರ್ಷ, ನಮ್ಮ ಸಿದ್ದಾಪುರದ ಗಡಿಗೆ ತಾಗಿದ ನಗರ ಸೀಮೆಯಲ್ಲಿ ರೈತರು ಕೂಟ ಕಟ್ಟಿ ಮೈಸೂರು ಸರ್ಕಾರವನ್ನು ಎದುರಿಸಿದರು. ಜಾವಾದ ಸುಂಕದ ಗುತ್ತಿಗೆಯಂತೆ ಇಲ್ಲಿ ಶರ್ತು ಪದ್ಧತಿಯಿತ್ತು: ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಒಪ್ಪಿ ಬಂದ ಅಮಲ್ದಾರ ಅದನ್ನು ರೈತನ ಮೈಯಿಂದಲೇ ಕಿತ್ತುಕೊಳ್ಳಬೇಕಿತ್ತು.

ನಗರದ ದಂಗೆ ಬೂದಿ ಬಸವಪ್ಪನೆಂಬ ಸಾಹಸಿಯ ಕಿತಾಪತಿ, ನಗರದ ಅರಸು ವಂಶದವನೆಂದು ಸುಳ್ಳು ಹೇಳಿ ಜನರನ್ನು ಕೆರಳಿಸಿದ ಎನ್ನುವವರಿದ್ದಾರೆ. ಅವನ ಹಕ್ಕು ಸುಳ್ಳೇ ಇರಲಿ. ಹೊಟ್ಟೆ ತುಂಬಿದ ಜನ ಸುಳ್ಳು ಅರಸನ ಹಿಂದೆ ಜೀವ ಕೊಡಲು ಹೋಗುವುದಿಲ್ಲ. ದಿಪೊನೆಗೊರೊನನ್ನೂ ಅವನ ಜನ ಧರ್ಮರಾಜನೆಂದೇ ನಂಬಿದ್ದರು. ನಗರದ ದಂಗೆಯ ಕಾರಣ ತಿಳಿಯಲು ಈಸ್ಟ್ ಇಂಡಿಯಾ ಕಂಪನಿ ನೇಮಿಸಿದ ಹಾಕರ್ ಸಮಿತಿ 1833ರಲ್ಲಿ ಕೊಟ್ಟ ವರದಿ ತಪ್ಪನ್ನು ಮೈಸೂರಿನ ದುರಾಡಳಿತದ ಮೇಲೆ ಹೊರಿಸಿತು. ಆ ವರದಿಯನ್ನು ಎಚ್ಚರದಿಂದ ಓದಬೇಕು, ಏಕೆಂದರೆ 1831ರಲ್ಲೇ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜರ ಕೈಯಿಂದ ಆಡಳಿತ ಕಿತ್ತುಕೊಂಡಿದ್ದ ಕಂಪನಿಗೆ ಅಂಥದೊಂದು ತೀರ್ಪು ಬೇಕಿತ್ತು. ಅರಸನೊಬ್ಬನದೇ ತಪ್ಪಾಗಿದ್ದರೆ ಕೆನರಾ ಜಿಲ್ಲೆ ತಣ್ಣಗಿರಬೇಕಿತ್ತಲ್ಲ? ಹುಲೇಕಲ್, ಶಿರಸಿಗಳೆಲ್ಲ ಸೇರಿದ್ದ ಆ ಜಿಲ್ಲೆಯನ್ನು 1799ರಿಂದ ಆಳುತ್ತಿದ್ದುದು ಕಂಪನಿಯೇ. ಅಲ್ಲೂ 1830-31ರಲ್ಲಿ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲ ಎಂದರು. ಮೂರು ಕಡೆ ಮೂವರು ಒಡೆಯರು. ರೈತನ ಸಿಟ್ಟಿಗೆ ಮಾತ್ರ ಒಂದೇ ಕಾರಣ.

ನಗರದಲ್ಲಿ ಲೂಟಿ, ಕೊಲೆಗಳೂ ನಡೆದವು, ಅದನ್ನು ಕೊಂಡಾಡಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೊಂಡಾಡಬೇಕಿಲ್ಲ, ಮುಚ್ಚಿಡಲೂಬೇಕಿಲ್ಲ. ಸಿದ್ದಾಪುರ, ಅಂಕೋಲೆಗಳ 1930ರ ದಶಕದ ಕರನಿರಾಕರಣೆಯನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ನೂರು ವರ್ಷ ಮೊದಲೇ ಅಂದಿನ ಕೆನರಾ ಜಿಲ್ಲೆಯ ರೈತರು ಕಂದಾಯ ತಡೆದಿದ್ದರೆಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಇಂಡೊನೇಷ್ಯಾ ದಿಪೊನೆಗೊರೊನನ್ನು ರಾಷ್ಟ್ರವೀರನೆಂದು ಘೋಷಿಸಿ ದಶಕಗಳಾದವು. ಕೂಟ ಕಟ್ಟಿದ ನಮ್ಮ ರೈತರಿಗೆ ಪ್ರತಿಮೆ ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳಲ್ಲಿ 1930ರ ಪಾಠದ ಮುಂಚೆ 1830ರ ಪಾಠವೊಂದು ಇರಲಿ.