ದಾರಿ ಮಧ್ಯೆ ನಿಲ್ಲುವ ಕಾಲುಗಳು

ಬಸ್ ನಿಲ್ದಾಣದಿಂದ ಮಾರುಕಟ್ಟೆಗೆ ಹೋಗುವಷ್ಟರಲ್ಲಿ ಎರಡು ಬಾರಿ ನಿಲ್ಲುವ ನಡುವಯಸ್ಕರನ್ನು ನಾವೆಲ್ಲರೂ ನೋಡಿದ್ದೇವೆ. ಯಾವುದಾದರೊಂದು ಅಂಗಡಿಯ ಗಾಜಿನ ಮೇಲೆ ದೃಷ್ಟಿ ನೆಟ್ಟು, ಎರಡು ಮೂರು ನಿಮಿಷಗಳ ಬಳಿಕ ಅವರು ಮತ್ತೆ ಹೊರಡುತ್ತಾರೆ. ವಸ್ತುತಃ ಅವರಿಗೆ ಅಲ್ಲಿ ಕೊಳ್ಳುವಂಥದ್ದೇನೂ ಇರುವುದಿಲ್ಲ. ಮೀನಖಂಡದ ನೋವು ಇಳಿಯಲೆಂದು ಕಾಯುತ್ತಿರುತ್ತಾರೆ. ಜರ್ಮನರು ಇದಕ್ಕೆ 'ಅಂಗಡಿ ಕಿಟಕಿಯ ಕಾಯಿಲೆ' ಎಂದೇ ಹೆಸರಿಟ್ಟಿದ್ದಾರೆ.

ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಜಮೆಯಾಗಿ ದಾರಿ ಕಿರಿದಾದಾಗ, ಕುಳಿತವನಿಗೆ ಸಾಕಾಗುವ ರಕ್ತ ನಡೆಯುವವನಿಗೆ ಸಾಲುವುದಿಲ್ಲ. ದುಡಿಯುವ ಸ್ನಾಯು ಆಮ್ಲಜನಕವಿಲ್ಲದೆ ಹಿಂಡಿದಂತೆ ನೋಯುತ್ತದೆ, ನಿಂತೊಡನೆ ಶಾಂತವಾಗುತ್ತದೆ. ಮೆಲ್ಲಮೆಲ್ಲನೆ ನಡಿಗೆಯೇ ಬದಲಾಗುತ್ತದೆ. ಹೆಜ್ಜೆ ಗಿಡ್ಡವಾಗುತ್ತದೆ, ವೇಗ ಕುಗ್ಗುತ್ತದೆ, ನೆಲವನ್ನು ಒತ್ತಿ ದೇಹವನ್ನು ಮುಂದಕ್ಕೆ ತಳ್ಳುವ ಪಾದದ ಬಲ ಕುಂದುತ್ತದೆ. ಏರುದಾರಿಯನ್ನು ತಪ್ಪಿಸಿ, ಬಳಿಕ ಪೇಟೆಗೆ ಹೋಗುವುದನ್ನೇ ಬಿಟ್ಟವರ ಕಾಲು ಮತ್ತಷ್ಟು ಸೊರಗುತ್ತದೆ. ಮನೆಯವರು ಮಾತ್ರ 'ವಯಸ್ಸಾಯಿತಲ್ಲ' ಎಂದು ಸುಮ್ಮನಾಗುತ್ತಾರೆ. ಖೇದಕರ ಸಂಗತಿಯೆಂದರೆ, ಕಾಲಿನ ರಕ್ತನಾಳ ಕಟ್ಟಿದವರಿಗೆ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವೂ ಹೆಚ್ಚು. ಸಕ್ಕರೆ ಕಾಯಿಲೆಯಿಂದ ನರಗಳು ಜಡವಾದವರಿಗಂತೂ ನೋವಿನ ಎಚ್ಚರಿಕೆಯೂ ಸಿಗದಿರಬಹುದು. ಪಾದದ ಗಾಯ ವಾಸಿಯಾಗದಿದ್ದಾಗಲೇ ಅವರಿಗೆ ವಿಷಯ ತಿಳಿಯುವುದು.

ಇದು ಮುದುಕರ ಸಮಸ್ಯೆ ಮಾತ್ರವೆಂದು ಯುವಕರು ಸಮಾಧಾನಪಡುವಂತಿಲ್ಲ. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ ವಿವರಿಸಿದ, ಅವರ ಹೆಸರಿನಲ್ಲೇ ಕರೆಯಲ್ಪಡುವ ಇನ್ನೊಂದು ರೋಗವು ತಂಬಾಕು ಸೇವಿಸುವ, ಐವತ್ತು ದಾಟದ ಗಂಡಸರನ್ನೇ ಹೆಚ್ಚಾಗಿ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಅದರ ಬಲಿಪಶುಗಳು ಬಹುಪಾಲು ಬೀಡಿ ಸೇದುವ ಬಡ ಕೂಲಿಕಾರರು. ತಂಬಾಕನ್ನು ಪೂರ್ಣವಾಗಿ ತ್ಯಜಿಸದಿದ್ದರೆ ಬೆರಳು, ಪಾದ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರಬಹುದು. ಕಾಲಿಲ್ಲದ ಕೂಲಿಯವನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕು?

ಹೀಗಿರುವಾಗ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯು ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ನಿರ್ಧರಿಸಿತು. ಸಿಗರೇಟಿಗೆ ನಿಗದಿಪಡಿಸಿದ್ದು ಶೇ. 40. ಬೀಡಿ ಸುತ್ತುವ ಕುಟುಂಬಗಳ ಅನ್ನದ ಪ್ರಶ್ನೆಯನ್ನು ಕರಾವಳಿಯಲ್ಲಿರುವ ನಾವು ಹಗುರವಾಗಿ ಕಾಣಲಾರೆವು. ಆದರೆ ಸುತ್ತುವ ಹೆಂಗಸಿಗೆ ಬೇರೆ ದುಡಿಮೆ ಒದಗಿಸುವ ಬದಲು, ಸೇದುವ ಬಡವನಿಗೆ ಬೀಡಿಯನ್ನು ಅಗ್ಗಗೊಳಿಸುವುದು ಯಾವ ಸೀಮೆಯ ಕಾರ್ಮಿಕ ಪ್ರೇಮ? ಸಿಗರೇಟಿನ ಹೊಗೆ ಮಾತ್ರ ವಿಷ, ಬೀಡಿಯದು ಅಲ್ಲ ಎಂದು ಮಂಡಳಿ ಭಾವಿಸಿದೆಯೇ?

ರೋಗವನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿ ನೋಡಿದರಾಯಿತು. ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ರಕ್ತನಾಳ ಕಿರಿದಾಗಿದೆಯೆಂದರ್ಥ. ರಕ್ತದೊತ್ತಡದ ಪಟ್ಟಿ ಮತ್ತು ಅಂಗೈಯಗಲದ ಡಾಪ್ಲರ್ ಉಪಕರಣವಿದ್ದರೆ ಸಾಕು. ಇದನ್ನು ತಾಲೂಕು ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರಿಗೂ ತಂಬಾಕು ಸೇವಿಸುವವರಿಗೂ ಕಡ್ಡಾಯ ತಪಾಸಣೆಯಾಗಿಸಬೇಕೆಂದು ಸರಕಾರವನ್ನು ನಾವು ಒತ್ತಾಯಿಸುತ್ತೇವೆ. ಚಿಕಿತ್ಸೆಯ ಮುಖ್ಯ ಭಾಗವೂ ನಡಿಗೆಯೇ ಎಂಬುದು ಹಲವರಿಗೆ ಅಚ್ಚರಿಯೆನಿಸೀತು. ವೈದ್ಯರ ಸಲಹೆ ಪಡೆದು, ನೋವು ಏರುವವರೆಗೆ ನಡೆದು, ನಿಂತು, ಮತ್ತೆ ನಡೆಯಬೇಕು. ವಾರಕ್ಕೆ ಕನಿಷ್ಠ ಮೂರು ದಿನದಂತೆ ಮೂರು ತಿಂಗಳು ನಡೆದವರಲ್ಲಿ ಹೆಚ್ಚಿನವರು ಮೊದಲಿಗಿಂತ ದೂರ ನಡೆಯಬಲ್ಲರು. ಪಾದದಲ್ಲಿ ಹುಣ್ಣಿರುವವರು, ಮಲಗಿದಾಗಲೂ ಕಾಲು ನೋಯುವವರು ಮಾತ್ರ ಇದಕ್ಕೆ ಕೈಹಾಕದೆ ತಡಮಾಡದೆ ಆಸ್ಪತ್ರೆಗೆ ತೆರಳಬೇಕು.